ನಿಧಿ ಕಾಯುವ ದೆವ್ವದ ಜಾತಿ ಯಾವುದು?

ಮೊನ್ನೆ ರಾಣೇಬೆನ್ನೂರಿನ ಹಾಸ್ಟೆಲ್ಲೊಂದರಲ್ಲಿ ನಮ್ಮ ಹುಡುಗರು ನಾಲ್ಕೈದು ಮಂದಿ ಒಂದೇ ಮೊಬೈಲಿನ ಮೇಲೆ ತಲೆ ಹಾಕಿಕೊಂಡು ಕೂತಿದ್ದರು. ಇಂಗ್ಲಿಷ್ ಸಿನಿಮಾ. ಎಲ್ಲಿಯದೋ ಮರುಭೂಮಿ, ಅದರೊಳಗೆ ಹೂತುಹೋದ ಬಂಗಾರ, ಅದನ್ನು ತೆಗೆಯಲು ದುಡ್ಡಿಗೆ ಬಂದ ಬಾಡಿಗೆ ಸಿಪಾಯಿಗಳು. ಉಸುಕಿನೊಳಗಿಂದ ಸತ್ತವರು ಎದ್ದು ಸಾಲುಸಾಲಾಗಿ ಬರುತ್ತಾರೆ, ಸಿಪಾಯಿಗಳು ಗುಂಡು ಹೊಡೆದು ಕೆಡವುತ್ತಾರೆ. ಒಂದೊಂದು ಹೆಣ ಉರುಳಿದಾಗಲೂ ಹುಡುಗರ ಸಿಳ್ಳೆ. ನಾನೂ ಸ್ವಲ್ಪ ಹೊತ್ತು ನೋಡಿದೆ. ಚೆನ್ನಾಗಿಯೇ ತೆಗೆದಿದ್ದಾರೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಒಬ್ಬನನ್ನು ಕೇಳಿದೆ: "ತಮ್ಮಾ, ಆ ಸತ್ತವರು ಯಾರೋ?" ಹುಡುಗ ನನ್ನ ಮುಖ ನೋಡಿದ. "ಯಾರರ ಇರಲಿ ಬಿಡಣ್ಣಾ, ದೆವ್ವ ಅದಾವು."

ಯಾರಾದರೂ ಇರಲಿ! ಗೆಳೆಯರೆ, ಈ ಒಂದು ಮಾತಿನ ಮೇಲೆ ನಾನು ಜಗಳಕ್ಕೆ ನಿಂತಿದ್ದೇನೆ. ಬಂಗಾರ ಹುಡುಕುವವನಿಗೆ ಹೆಸರಿದೆ, ಊರಿದೆ, ಕಥೆಯಿದೆ. ಬಂಗಾರದ ಮೇಲೆ ಸತ್ತು ಮಲಗಿದವನಿಗೆ ಏನೂ ಇಲ್ಲ. ಅವನು ಯಾರು, ಯಾವ ಕೇರಿಯವನು, ಅವನನ್ನು ಅಲ್ಲಿ ಮಲಗಿಸಿದವರು ಯಾರು? ಇದನ್ನು ಕೇಳುವ ಹಕ್ಕು ಬೇರೆ ಯಾರಿಗೆ ಇದೆಯೋ ಇಲ್ಲವೋ, ನನಗಂತೂ ಇದೆ. ಯಾಕೆಂದರೆ ನಾನು ಕಾಲು ಮುಂದಾಗಿ ಹುಟ್ಟಿದವನು.

ಮೇಡ್ಲೇರಿಯ ನಮ್ಮ ಕೇರಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ, ತಲೆಯ ಬದಲು ಕಾಲು ಮೊದಲು ಬಂತಂತೆ. ಎರಡು ರಾತ್ರಿ ಒಂದು ಹಗಲು ಅವ್ವ ಸಾವಿನ ಹೊಸ್ತಿಲ ಮೇಲೆ ಕೂತಿದ್ದಳು. ಅವ್ವನ ಆ ನೋವು ಊರಿನ ನೆನಪಿನಲ್ಲಿ ಉಳಿಯಲಿಲ್ಲ. ಉಳಿದದ್ದು ಬೇರೆ ಮಾತು: ಕಾಲು ಮುಂದಾಗಿ ಹುಟ್ಟಿದವನ ಕಣ್ಣಿಗೆ ಅಂಜನ ಹಚ್ಚಿದರೆ ನೆಲದೊಳಗಿನ ಕೊಪ್ಪರಿಗೆ ಕಾಣುತ್ತದೆ.

ನನಗೆ ಎಂಟು ವರ್ಷ. ಅಮಾಸಿಗೆ ಎರಡು ದಿನ ಇತ್ತು. ಸಂಜೆ ಮುಂದೆ ಇಬ್ಬರು ಬೈಕಿನ ಮೇಲೆ ಬಂದರು. ಒಬ್ಬ ಊರವನೇ, ಅಪ್ಪ ದುಡಿಯುತ್ತಿದ್ದ ಹೊಲದ ಧಣಿಯ ಕಡೆಯವ. ಇನ್ನೊಬ್ಬನ ಕೊರಳಲ್ಲಿ ರುದ್ರಾಕ್ಷಿ, ಬೆರಳಲ್ಲಿ ನಾಲ್ಕು ಉಂಗುರ. ಬಾಗಿಲ ಮುಂದೆ ನಿಂತರೇ ಹೊರತು ಕೂರಲಿಲ್ಲ. ಅಪ್ಪ ಕೊಟ್ಟ ನೀರಿನ ತಂಬಿಗೆಯನ್ನು ಮುಟ್ಟಲಿಲ್ಲ. ನಮ್ಮ ನೀರು ಬೇಡವಾದವರಿಗೆ ನಮ್ಮ ಕಣ್ಣು ಬೇಕಾಗಿತ್ತು.

"ನಿನ್ನ ಮಗ ಕಾಲು ಮುಂದ ಮಾಡಿ ಹುಟ್ಟ್ಯಾನಂತಲ್ಲ? ಒಂದ ರಾತ್ರಿ ಕಳಿಸಿ ಕೊಡು. ಬೆಳಗಾಗೂದ್ರಾಗ ತಿರುಗಿ ತಂದು ಬಿಡ್ತೀವಿ" ಎಂದು ಎರಡು ಸಾವಿರ ರೂಪಾಯಿ ಕಟ್ಟೆಯ ಮೇಲೆ ಇಟ್ಟರು. ಅಪ್ಪ ಸುಮ್ಮನಿದ್ದ. ಅಪ್ಪನ ಆ ಸುಮ್ಮನಿರುವಿಕೆಯನ್ನು ನಾನು ಬಹಳ ವರ್ಷ ಕ್ಷಮಿಸಿರಲಿಲ್ಲ. ಧಣಿಯ ಸಾಲ ಹೊತ್ತವನ ನಾಲಿಗೆ ಎಲ್ಲಿ ಅಡವಿರುತ್ತದೆ ಅನ್ನುವುದು ಡಿಗ್ರಿ ಮುಗಿಸಿದ ಮೇಲೆ ತಿಳಿಯಿತು. ಒಳಗಿನಿಂದ ಅವ್ವ ಬಂದಳು. ಕೈಯಲ್ಲಿ ಕಸಬರಿಗೆ ಇತ್ತು. ಎತ್ತಲಿಲ್ಲ, ಹಿಡಿದುಕೊಂಡು ನಿಂತಳು, ಅಷ್ಟೆ. "ನನ್ನ ಮಗನ ಕಣ್ಣಿಗೆ ಕಾಡಿಗಿ ಹಚ್ಚಾಕ ನಾ ಅದೀನ್ರೀ. ನಿಮ್ಮ ಅಂಜನಾ ನಿಮ್ಮ ಮಕ್ಕಳ ಕಣ್ಣಿಗೆ ಹಚ್ಚಿಕೊಳ್ರಿ."

ಆ ವರ್ಷ ಅಪ್ಪನಿಗೆ ಧಣಿಯ ಹೊಲದಲ್ಲಿ ಕೆಲಸ ಸಿಗಲಿಲ್ಲ. ಸುಗ್ಗಿ ಬಂದರೂ ಕರೆ ಬರಲಿಲ್ಲ. ನನ್ನ ಎರಡು ಕಣ್ಣಿಗೆ ನಮ್ಮ ಮನೆ ಕಟ್ಟಿದ ಬೆಲೆ ಅದು.

ಇದೆಲ್ಲ ಹಳೆಯ ಕಾಲದ ಮಾತು, ಈಗ ಜನ ಬದಲಾಗಿದ್ದಾರೆ ಎನ್ನುವ ಪ್ರಗತಿಪರರಿದ್ದಾರೆ. ಅವರಿಗೆ ಒಂದು ಊರಿನ ಹೆಸರು ಹೇಳುತ್ತೇನೆ. ಪರಶುರಾಂಪುರ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ. 2025ರ ಫೆಬ್ರವರಿಯಲ್ಲಿ ಅಲ್ಲಿ ಒಬ್ಬ ಚಪ್ಪಲಿ ಹೊಲಿಯುವವನ ಕೊಲೆಯಾಯಿತು. ಪೊಲೀಸರು ಹೇಳಿದ್ದು ಇಷ್ಟು: ನರಬಲಿ ಕೊಟ್ಟರೆ ನಿಧಿ ಸಿಗುತ್ತದೆ ಎಂದು ಒಬ್ಬ ಜ್ಯೋತಿಷಿ ಹೇಳಿದ, ಕೇಳಿದವನು ಬಲಿ ಹುಡುಕುತ್ತ ಹೊರಟ, ಸಿಕ್ಕಿದವನು ಈತ. ಇಬ್ಬರನ್ನೂ ಹಿಡಿದರು. ಆದರೆ ನನ್ನ ಪ್ರಶ್ನೆ ಹಿಡಿಯುವುದರ ಬಗ್ಗೆ ಅಲ್ಲ. ಸಿಕ್ಕಿದವನು ಯಾಕೆ ಚಪ್ಪಲಿ ಹೊಲಿಯುವವನೇ ಆಗಿದ್ದ? ಅದೇ ದಾರಿಯಲ್ಲಿ ಸಾಹುಕಾರ ಓಡಾಡುವುದಿಲ್ಲವೇ, ವಕೀಲ ಓಡಾಡುವುದಿಲ್ಲವೇ? ಭೂಮಿಯೊಳಗಿನ ದೇವತೆಗೆ ಯಾರ ರಕ್ತವಾದರೂ ರಕ್ತವೇ ಅಲ್ಲವೇ? ಅಲ್ಲ ಸ್ವಾಮಿ. ಯಾರು ಕಾಣೆಯಾದರೆ ಊರು ಕೇಳುವುದಿಲ್ಲವೋ ಅವನ ರಕ್ತ ಬೇಕು. ಬಲಿ ಆರಿಸುವವನಿಗೆ ಜಾತಿಗಣತಿಯ ಅಗತ್ಯವಿಲ್ಲ, ನಮ್ಮ ಸಮಾಜ ಯಾರನ್ನು ಅಗ್ಗಕ್ಕೆ ಇಟ್ಟಿದೆ ಎಂಬುದು ಅವನಿಗೆ ಬಾಯಿಪಾಠವಾಗಿರುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 2019ರ ಜುಲೈಯಲ್ಲಿ ಆನೆಗೊಂದಿಯ ಹತ್ತಿರ, ತುಂಗಭದ್ರೆಯ ನಡುಗಡ್ಡೆಯ ನವವೃಂದಾವನದಲ್ಲಿ, ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದು ಹಾಕಿದರು. ನಾಡೆಲ್ಲ ಕೂಗಿತು. ಮಠಾಧೀಶರು ಬಂದರು, ಭಕ್ತರು ದೋಣಿ ಹತ್ತಿ ಬಂದರು, ಒಂದೆರಡು ದಿನದೊಳಗೆ ಕಲ್ಲಿಗೆ ಕಲ್ಲು ಕೂಡಿಸಿ ಮತ್ತೆ ಕಟ್ಟಿದರು, ಕಳ್ಳರೂ ಸಿಕ್ಕರು. ತಪ್ಪು ತಿಳಿಯಬೇಡಿ. ಕಟ್ಟಿದ್ದು ಸರಿ, ಹಿಡಿದದ್ದೂ ಸರಿ. ಒಡೆದವರ ಪರ ನಾನು ವಕಾಲತ್ತು ಹಾಕುತ್ತಿಲ್ಲ. ಕಲ್ಲಿನ ವೃಂದಾವನಕ್ಕೆ ಅಷ್ಟು ಮಂದಿ ಅತ್ತರಲ್ಲ, ಪರಶುರಾಂಪುರದ ಮಾಂಸದ ಮನುಷ್ಯನಿಗೆ ಅದರಲ್ಲಿ ಎಷ್ಟು ಮಂದಿ ಅತ್ತರು ಎಂದು ಕೇಳುತ್ತಿದ್ದೇನೆ. ಕ್ರಿ.ಶ. 949ರ ಸುಮಾರಿಗೆ ಆತಕೂರಿನಲ್ಲಿ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನೆಟ್ಟ ನಾಡು ಇದು. ಆ ಕಲ್ಲು ಇವತ್ತಿಗೂ ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿದೆ. ನಾಯಿಯ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಪಾಪ, ನಿಯತ್ತಿನ ಪ್ರಾಣಿ. ಅದಕ್ಕೆ ಹೆಸರಾದರೂ ಇತ್ತು.

ಈಗ ದೆವ್ವಕ್ಕೆ ಬರೋಣ. ನಮ್ಮ ಅಜ್ಜಿ ಹೇಳುತ್ತಿದ್ದಳು: ದೊಡ್ಡವರು ಬಂಗಾರ ಹೂಳುವಾಗ ಜೊತೆಗೆ ಒಬ್ಬ ಆಳನ್ನೂ ಹೂಳುತ್ತಿದ್ದರಂತೆ. 'ನಾ ಬರೂಮಟ ಕಾಯಿ' ಎಂದು ಮಾತು ತಗೊಂಡು ಮಣ್ಣು ಎಳೆಯುತ್ತಿದ್ದರಂತೆ. ಧಣಿ ತಿರುಗಿ ಬರಲಿಲ್ಲ, ಆಳಿನ ಪಾಳಿ ಮುಗಿಯಲಿಲ್ಲ. ಅಜ್ಜಿ ಇದನ್ನು ಹೆದರಿಸಲು ಹೇಳುತ್ತಿರಲಿಲ್ಲ. 'ಪಾಪ, ಅದಕ್ಕ ಉಣ್ಣಾಕ ಯಾರು ಕೊಟ್ಟಾರು' ಎನ್ನುತ್ತಿದ್ದಳು. ಸಾವಿನ ಮೇಲೂ ಮುಗಿಯದ ಜೀತ ಅದು. ಸತ್ತರೂ ಧಣಿಯ ಗಂಟು ಕಾಯಬೇಕು, ಕೂಲಿಯಿಲ್ಲ, ರಜೆಯಿಲ್ಲ.

ಕಟ್ಟುಕಥೆ ಅನ್ನುತ್ತೀರಾ? ಹಾಗಾದರೆ ನಿಜವಾದ ಮರುಭೂಮಿಗೆ ಬನ್ನಿ, ರಾಜಸ್ಥಾನದ ಜೋಧಪುರಕ್ಕೆ. 1459ರಲ್ಲಿ ರಾವ್ ಜೋಧಾ ಅಲ್ಲಿ ಮೆಹರಾನ್‌ಗಢ ಕೋಟೆಗೆ ಅಡಿಪಾಯ ಹಾಕಿದ. ಕೋಟೆ ನಿಲ್ಲಬೇಕಾದರೆ ಜೀವಂತ ಮನುಷ್ಯನನ್ನು ಹೂಳಬೇಕೆಂದಾಯಿತು. ಹೂತದ್ದು ಮೇಘವಾಲ ಜಾತಿಯ ರಾಜಿಯಾ ಎಂಬವನನ್ನು. ಅವನೇ ಒಪ್ಪಿ ಮುಂದೆ ಬಂದ ಎನ್ನುತ್ತಾರೆ, ಅವನ ಮನೆಯವರಿಗೆ ಭೂಮಿ ಕೊಟ್ಟೆವು ಎನ್ನುತ್ತಾರೆ, ಕೋಟೆಯಲ್ಲಿ ಅವನ ಹೆಸರಿನ ಕಲ್ಲೂ ಇದೆ. ಒಪ್ಪಿದನಂತೆ! ಎಂಟು ವರ್ಷದ ಮಗನನ್ನು ಕೇಳಲು ಬಂದಾಗ ನಮ್ಮ ಅಪ್ಪ ಸುಮ್ಮನಿದ್ದನಲ್ಲ, ಅದನ್ನೂ ಅವರು ಒಪ್ಪಿಗೆ ಎಂದೇ ಬರೆದುಕೊಂಡಿರಬೇಕು. ನಮ್ಮ ಕಡೆಯ 'ಕೆರೆಗೆ ಹಾರ' ಹಾಡಿನಲ್ಲಿ ನೀರಿಗೆ ಹೋದವಳು ಕಿರಿಯ ಸೊಸೆ ಭಾಗೀರಥಿ. ಗೌಡ್ತಿಯಾದರೇನು, ಆ ಮನೆಯೊಳಗೆ ಬಾಯಿಲ್ಲದವಳು ಅವಳೇ. ಬಲಿ ಯಾವತ್ತೂ ಇಳಿಜಾರಿನ ಕಡೆಗೇ ಹರಿಯುತ್ತದೆ.

ಸ್ವಾಮಿ ಸತ್ತರೆ ಗದ್ದುಗೆ, ಗೌಡ ಸತ್ತರೆ ಸಮಾಧಿ, ನಮ್ಮವ ಸತ್ತರೆ ದೆವ್ವ. ನಿಧಿ ಕಾಯುವ ದೆವ್ವದ ಜಾತಿ ಯಾವುದು ಅಂತ ಇನ್ನೂ ಕೇಳಬೇಕೇ?

ಇರಲಿ, ಆ ಬಂಗಾರವಾದರೂ ಎಲ್ಲಿಯದು? ನಮ್ಮ ಭಾಗದಲ್ಲಿ ಯಾವ ಹಾಳುಗುಡಿಯ ಹತ್ತಿರ ನಿಂತು ಕೇಳಿದರೂ ವಿಜಯನಗರದ್ದು ಅನ್ನುತ್ತಾರೆ. ರಾಬರ್ಟ್ ಸೀವೆಲ್ 1900ರಲ್ಲಿ ಬರೆದ ಪುಸ್ತಕದಲ್ಲಿ ಈ ಕಥೆ ಇದೆ. 1565ರ ಯುದ್ಧದಲ್ಲಿ ರಾಮರಾಯ ಸತ್ತ ಸುದ್ದಿ ಬಂದ ಕೂಡಲೆ ಅರಮನೆಯವರು 550 ಆನೆಗಳ ಮೇಲೆ ಬಂಗಾರ, ವಜ್ರ, ಸಿಂಹಾಸನ ಹೇರಿಕೊಂಡು ಪೆನುಕೊಂಡೆಯ ಕಡೆ ಹೋದರು. ಊರಿನ ಜನರನ್ನು ಕಾಯಲು ಒಬ್ಬ ಸಿಪಾಯಿಯೂ ಉಳಿಯಲಿಲ್ಲ. ಮಾರನೇ ದಿನ ಬ್ರಿಂಜಾರಿಗಳು, ಲಂಬಾಣಿಗಳು, ಕುರುಬರು ಬಂದು ಅಂಗಡಿಗಳನ್ನು ದೋಚಿದರು, ಒಂದೇ ದಿನದಲ್ಲಿ ಆರು ಸಲ ನುಗ್ಗಿದರು ಎಂದೂ ಅದೇ ಪುಸ್ತಕ ಹೇಳುತ್ತದೆ. ಭಾಷೆಯ ಚಮತ್ಕಾರ ನೋಡಿ. 550 ಆನೆ ಹೇರಿಕೊಂಡು ಹೋದವರು ಸಂಪತ್ತನ್ನು 'ಸಾಗಿಸಿದರು'. ಬಿದ್ದ ಜೋಳದ ಚೀಲ ಎತ್ತಿಕೊಂಡ ಲಂಬಾಣಿ 'ಲೂಟಿ' ಮಾಡಿದ. ರೈತರಿಂದ, ನೇಕಾರರಿಂದ, ಕಲ್ಲು ಒಡೆದವರಿಂದ ತೆರಿಗೆಯಾಗಿ ಕಿತ್ತದ್ದು ಆನೆಯ ಮೇಲೆ ಹೋದ ದಿನ ಲೂಟಿಯ ಹೆಸರು ಯಾರಿಗೆ ಬರಬೇಕಾಗಿತ್ತು?

ಮರುಭೂಮಿಯ ಕಥೆ ನಮ್ಮಲ್ಲೂ ಒಂದಿದೆಯಲ್ಲ, ತಲಕಾಡು. 1610ರಲ್ಲಿ ಶ್ರೀರಂಗಪಟ್ಟಣ ಮೈಸೂರಿನ ರಾಜ ಒಡೆಯರ ಕೈಗೆ ಬಂತು. ಹಳೆಯ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಒಡವೆಗಳ ಹಿಂದೆ ಸಿಪಾಯಿಗಳು ಹೋದರು. ಅವಳು ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ದೊರೆಗೆ ಮಕ್ಕಳಾಗದಿರಲಿ ಎಂದು ಶಪಿಸಿ ಹೊಳೆಗೆ ಹಾರಿದಳು ಎಂಬುದು ಕಥೆ. ಮರಳು ತುಂಬಿದ್ದಕ್ಕೆ ಹೊಳೆಯ ತಿರುವು, ಗಾಳಿ, ಮೇಲೆ ಕಟ್ಟಿದ ಅಣೆ ಎಂದು ತಿಳಿದವರು ಕಾರಣ ಹೇಳುತ್ತಾರೆ. ನಾನು ಶಾಪವನ್ನೇ ನಂಬಿದೆನೆಂದು ಇಟ್ಟುಕೊಳ್ಳಿ. ಆಸೆಪಟ್ಟವನು ದೊರೆ, ಒಡವೆ ರಾಣಿಯದು, ಓಡಿಸಿಕೊಂಡು ಹೋದವರು ಸಂಬಳದ ಸಿಪಾಯಿಗಳು. ಮರಳು ಬಿದ್ದದ್ದು ಯಾರ ಗದ್ದೆಯ ಮೇಲೆ? ತಲಕಾಡಿನ ಉಳುವವ ಅವಳ ಒಂದು ಮೂಗುತಿಯನ್ನಾದರೂ ಕೇಳಿದ್ದನೇ? ಅರಮನೆಗೆ ತಟ್ಟಿದ ಶಾಪದ ಬಗ್ಗೆ ಪುಸ್ತಕಗಳಿವೆ, ಟಿವಿಯಲ್ಲಿ ಗಂಟೆಗಟ್ಟಲೆ ಮಾತಿದೆ. ಗದ್ದೆ ಕಳಕೊಂಡವನ ಶಾಪ ಯಾರ ಕಿವಿಗೂ ಬಿದ್ದಿಲ್ಲ.

ಈಗಿನ ಬಾಡಿಗೆ ಸಿಪಾಯಿಗಳು ಯಾರೆಂದು ನಾನು ಹೇಳಬಲ್ಲೆ. ಒಬ್ಬ ನನ್ನ ಜೊತೆ ಏಳನೇತ್ತೆವರೆಗೆ ಒಂದೇ ಬೆಂಚಿನಲ್ಲಿ ಕೂತವನು. ಹೊಲದ ಕೂಲಿ, ಇಟ್ಟಿಗೆ ಭಟ್ಟಿ, ಹೊಳೆಯ ಉಸುಕು ತುಂಬುವುದು, ಎಲ್ಲ ಮಾಡಿದ. ಊರಲ್ಲಿ ಯಾರು ಸತ್ತರೂ ಕುಣಿ ತೋಡಲು ನಮ್ಮವರನ್ನೇ ಕರೆಯುತ್ತಾರೆ, ಅದನ್ನೂ ಮಾಡಿದ. ಹೆಣಕ್ಕೆ ತಗ್ಗು ತೋಡುವ ಕೈ ನಿಧಿಗೆ ತಗ್ಗು ತೋಡಲಾರದೇ? ಒಂದು ರಾತ್ರಿಗೆ ಎರಡು ದಿನದ ಕೂಲಿ, ಮೇಲೆ ಒಂದು ಬಾಟ್ಲಿ. ಬಂದವರ ಹತ್ತಿರ ಕಾರು ಇತ್ತು, ಲೋಹ ಹುಡುಕುವ ಯಂತ್ರ ಇತ್ತು, ಮಂತ್ರ ಹೇಳುವವ ಇದ್ದ. ಹಾರೆ ಗುದ್ದಲಿ ಹಿಡಿದು ತಗ್ಗಿನೊಳಗೆ ಇಳಿಯುವವ ಮಾತ್ರ ಅವರಲ್ಲಿ ಇರಲಿಲ್ಲ. ಅದಕ್ಕೆ ಕೇರಿಗೆ ಬಂದರು. ಎರಡಾಳು ಆಳಕ್ಕೆ ಹೋದಾಗ ಬದಿಯ ಮಣ್ಣು ಕುಸಿಯಿತು, ಸೊಂಟ ಮುರಿಯಿತು. ಕಾರು ದೀಪ ಹಚ್ಚದೆ ಹೊರಟುಹೋಯಿತು. ಬೆಳಿಗ್ಗೆ ಕುರಿ ಕಾಯುವ ಹುಡುಗ ನೋಡುವವರೆಗೆ ಅವನು ಅಲ್ಲೇ ಬಿದ್ದಿದ್ದ. ಹೋಗಿ ನೋಡಿದೆ. ಮಂಚದ ಮೇಲೆ ಮಲಗಿಕೊಂಡು ಅವನು ನನಗೆ ಹೇಳಿದ್ದು ಕೇಳಿ: "ಇನ್ನ ಮೂರು ಫೂಟು ಇತ್ತಷ್ಟ ಮಾರಾಯಾ. ಅವರು ಬರ್ತಾರ. ನನ್ನ ಪಾಲು ಕೊಡ್ತೀವಿ ಅಂದಾರ."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅವನ ಮೇಲೂ ಬಂತು. ಆದರೆ ಅವನನ್ನು ಮೂಢ ಎಂದು ಬೈದು ಕೈ ತೊಳೆದುಕೊಳ್ಳುವ ವಿಚಾರವಾದಿ ನಾನಲ್ಲ. 2024ರ ಮಾರ್ಚಿಯಲ್ಲಿ ನಮ್ಮ ಪಕ್ಕದ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಬಿತ್ತು, ರೈತರು ಸಿಟ್ಟಿನಿಂದ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದೇ ತಿಂಗಳು ತುಮಕೂರಿನ ಕುಚ್ಚಂಗಿ ಕೆರೆಯಲ್ಲಿ ಸುಟ್ಟ ಕಾರಿನೊಳಗೆ ಮೂರು ಹೆಣ ಸಿಕ್ಕವು, ನಿಧಿಯ ಬಂಗಾರ ಅಗ್ಗಕ್ಕೆ ಕೊಡುತ್ತೇವೆ ಎಂಬ ಮಾತು ನಂಬಿ ಬೆಳ್ತಂಗಡಿ ಕಡೆಯಿಂದ ದುಡ್ಡು ಹಿಡಿದು ಬಂದಿದ್ದವರು. ಈ ಎರಡು ಸುದ್ದಿಗಳನ್ನು ನಾನು ಬೇರೆ ಬೇರೆ ಓದಲಾರೆ. ದುಡಿಮೆಗೆ ಬೆಲೆ ಇಲ್ಲದ ಕಡೆ ನಿಧಿಗೆ ಬೆಲೆ ಏರುತ್ತದೆ. ಬೆವರು ಸುರಿಸಿ ಬೆಳೆದದ್ದು ಬೆಳಗಾಗುವುದರಲ್ಲಿ ಕಸವಾಗುವುದಾದರೆ, ಕಸದ ಕೆಳಗಿನಿಂದ ಬೆಳಗಾಗುವುದರಲ್ಲಿ ಬಂಗಾರ ಯಾಕೆ ಬರಬಾರದು ಎಂದು ಮನುಷ್ಯ ಯೋಚಿಸುತ್ತಾನೆ. ಮನೆಯ ಪಾಯ ತೋಡುವಾಗ ಸಿಕ್ಕ ನಾಣ್ಯ ಎಂದು ಹಿತ್ತಾಳೆ ಬಿಲ್ಲೆ ಮಾರುವವರು ಬದುಕುತ್ತಿರುವುದು ಈ ಯೋಚನೆಯ ಮೇಲೆಯೇ.

ನಿಜವಾಗಿಯೂ ನೆಲದಿಂದ ಬಂಗಾರ ತೆಗೆದವರ ಕಥೆಯನ್ನಾದರೂ ಅವನಿಗೆ ಯಾರಾದರೂ ಹೇಳಿದ್ದಾರೆಯೇ? ಕೋಲಾರದ ಚಿನ್ನದ ಗಣಿಯಲ್ಲಿ ನೂರಿಪ್ಪತ್ತು ವರ್ಷ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಶ್ವಾಸಕೋಶದೊಳಗೆ ಕಲ್ಲಿನ ದೂಳು ತುಂಬಿಕೊಂಡು ಸತ್ತರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಗಾರ ಹೋಗುವಲ್ಲಿಗೆ ಹೋಯಿತು, ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು. ಗಾಳಿ ಎದ್ದರೆ ಆ ಬಿಳಿ ಹುಡಿ ಮನೆಯೊಳಗೆ ಬರುತ್ತದೆ. ಅದೂ ಒಂದು ಮರುಭೂಮಿ. ಸಿನಿಮಾದವರು ಅಲ್ಲಿಗೂ ಒಬ್ಬ ನಾಯಕನನ್ನು ಕಳಿಸಿದರು, ನಾವು ಹಣ ಕೊಟ್ಟು ನೋಡಿದೆವು.

ಕಾನೂನು ಇಲ್ಲವೇ? ಇದೆ. ಬ್ರಿಟಿಷರು 1878ರಲ್ಲೇ ನಿಧಿ ಕಾಯ್ದೆ ಮಾಡಿದ್ದರು. ಹತ್ತು ರೂಪಾಯಿಗಿಂತ ಹೆಚ್ಚಿನದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು. ವಾರಸುದಾರ ಇಲ್ಲವೆಂದಾದರೆ ಸಿಕ್ಕವನಿಗೆ ಮುಕ್ಕಾಲು, ಹೊಲದವನಿಗೆ ಕಾಲು ಎಂದು ಆ ಕಾಯ್ದೆಯಲ್ಲಿತ್ತು. ಹಾರೆ ಹಿಡಿದವನಿಗೆ ಮುಕ್ಕಾಲು! ಇದನ್ನು ಯಾವ ಧಣಿ ಯಾವ ಆಳಿಗೆ ಓದಿ ಹೇಳಿದ್ದ? ನಮ್ಮ ರಾಜ್ಯ 1962ರಲ್ಲಿ ತನ್ನದೇ ಕಾಯ್ದೆ ಮಾಡಿತು. ವಾಮಾಚಾರ ತಡೆಯುವ ಕಾನೂನನ್ನು 2017ರಲ್ಲಿ ಸದನ ಒಪ್ಪಿತು, 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಧಿಯ ಹೆಸರಿನಲ್ಲಿ ಮಾಟಮಂತ್ರ ಮಾಡುವುದು ಅದರ ಪ್ರಕಾರ ಅಪರಾಧ. ಪರಶುರಾಂಪುರದ ಜ್ಯೋತಿಷಿ ಬಾಯಿ ತೆರೆದದ್ದು ಆ ಕಾನೂನು ಬಂದು ಐದು ವರ್ಷ ಆದ ಮೇಲೆ.

ಇನ್ನು ಕಲ್ಲುಗಳ ಮಾತು. ನಮ್ಮ ಹಾವೇರಿ ಸೀಮೆಯ ಊರೂರಿನಲ್ಲಿ ವೀರಗಲ್ಲುಗಳಿವೆ. ದನ ಕಾಯಲು ಹೋಗಿ ಸತ್ತವರು, ಊರು ಕಾಯಲು ಹೋಗಿ ಸತ್ತವರು. ಕೆಳಗೆ ಕಾದಾಟ, ನಡುವೆ ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ರಾಜರ ಶಾಸನಗಳ ನಡುವೆ ಸಾಮಾನ್ಯ ಮನುಷ್ಯನ ಸಾವಿಗೆ ಸಿಕ್ಕ ಒಂದಿಷ್ಟು ಜಾಗ ಅದು. ನಿಧಿಯ ಹುಚ್ಚಿನವರು ಕಿತ್ತು ಬಿಸಾಡುವುದು ಈ ಕಲ್ಲುಗಳನ್ನೇ. ಬಂಗಾರ ಇರುವ ಗುರುತು ಎಂದು ಯಾರೋ ಹೇಳಿದ್ದಾರೆ. ಇಂಥ ಕಲ್ಲುಗಳ ಮೇಲಿನ ಅಕ್ಷರ ಓದುತ್ತಲೇ ಜೀವ ಸವೆಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಬಾಗಿಲಲ್ಲಿ ಗುಂಡಿಟ್ಟು ಕೊಂದರು. ಕಲ್ಲು ಒಡೆಯುವವನಿಗೆ ಬಾಡಿಗೆ ಕಾರು, ಕಲ್ಲು ಓದುವವನಿಗೆ ಗುಂಡು.

ಹಳ್ಳಿಯ ಮಾಸ್ತರರೇ, ನಿಮ್ಮ ಮೇಲೆ ನನಗೆ ಉಳಿದವರಿಗಿಂತ ಹೆಚ್ಚು ಸಲಿಗೆ. ಮಕ್ಕಳನ್ನು ಹಂಪಿಗೆ ಕರಕೊಂಡು ಹೋಗುತ್ತೀರಿ, ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರುತ್ತಿದ್ದರು ಎಂದು ಹೇಳಿಕೊಡುತ್ತೀರಿ. ಆ ಸೇರು ಹೊತ್ತು ತಂದವನ ಹೆಗಲ ಬಗ್ಗೆ ಒಂದು ಮಾತು ಹೇಳಿ. ನಿಮ್ಮ ಊರಿನ ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲನ್ನು ಹುಡುಗರಿಂದಲೇ ಎತ್ತಿ ನಿಲ್ಲಿಸಿ. ಕಾಲು ಮುಂದಾಗಿ ಹುಟ್ಟಿದ ಹುಡುಗ ನಿಮ್ಮ ಇಸ್ಕೂಲಿನಲ್ಲಿ ಒಬ್ಬನಾದರೂ ಇರುತ್ತಾನೆ. ಅಮಾಸಿಯ ಮಾರನೇ ದಿನ ಅವನು ಬಂದಿದ್ದಾನೋ ಇಲ್ಲವೋ, ಹಾಜರಿ ಕೂಗುವಾಗ ಸ್ವಲ್ಪ ತಲೆ ಎತ್ತಿ ನೋಡಿ.

ಕವಿಗೆಳೆಯರೆ, ನಾವೂ ಸಾಚಾ ಅಲ್ಲ. ನಾನೇ ಒಂದು ಪದ್ಯದಲ್ಲಿ ನಮ್ಮ ಜನರನ್ನು ಮಣ್ಣಿನ ಕೆಳಗಿನ ಬಂಗಾರ ಎಂದು ಬರೆದೆ. ಹಾವೇರಿಯ ಗೋಷ್ಠಿಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು. ಮನೆಗೆ ಬಂದು ಅವ್ವನಿಗೂ ಓದಿ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದ ಅವ್ವ, "ಬಂಗಾರ ಅಂದ್ರ ಅಗೀತಾರಲೋ ತಮ್ಮಾ" ಅಂದಳು. ಆ ಪದ್ಯವನ್ನು ಮತ್ತೆ ಎಲ್ಲೂ ಓದಿಲ್ಲ.

ಹೋದ ತಿಂಗಳು ಅಕ್ಕನಿಗೆ ದವಾಖಾನೆಯಲ್ಲಿ ಹೆರಿಗೆಯಾಯಿತು. ಕೂಸು ತಿರುಗಿರಲಿಲ್ಲ, ಕಾಲು ಕೆಳಗೆ ಇತ್ತು, ಡಾಕ್ಟರು ಕೊಯ್ದು ತೆಗೆದರು. ಗಂಡುಕೂಸು, ತಾಯಿ ಮಗು ಇಬ್ಬರೂ ಕ್ಷೇಮ ಎಂದು ನರ್ಸು ಹೊರಗೆ ಬಂದು ಹೇಳಿದರು. ನಾನು ಪೇಢೆ ತರಲು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವ್ವ ನರ್ಸಿನ ಎರಡೂ ಕೈ ಹಿಡಕೊಂಡು, ಸುತ್ತ ಯಾರಾದರೂ ಇದ್ದಾರೇನೋ ಎಂದು ನೋಡಿ, ದನಿ ಇಳಿಸಿ ಹೇಳಿದಳು: "ಕಾಲು ಮುಂದಿದ್ದುವು ಅಂತ ಯಾರ ಮುಂದೂ ಹೇಳಬ್ಯಾಡ್ರಿ ಯವ್ವಾ."